ಬಣ್ಣ ಬಿಡದ ಹದಿನೆಂಟು ಬಟನ್‌ಗಳು

ನನ್ನ ಬಗ್ಗೆ ನಾನೇ ಬರೆದುಕೊಳ್ಳುವುದರಲ್ಲಿ ಒಂದು ಅನುಕೂಲವಿದೆ. ನಡುವೆ ಬಾಯಿ ಹಾಕುವವರು ಯಾರೂ ಇರುವುದಿಲ್ಲ. ಮನೆಯಲ್ಲಿ ಆ ಅನುಕೂಲ ತಪ್ಪಿಹೋಗಿ ನಲವತ್ತು ವರ್ಷವಾಯಿತು.

ಏಳನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಶಾಲೆಯೇ ಇವನನ್ನು ಬಿಟ್ಟಿತು ಎನ್ನುತ್ತಾಳೆ ನನ್ನ ತಂಗಿ. ಯಾರು ಯಾರನ್ನು ಬಿಟ್ಟರೋ, ಹದಿಮೂರನೆಯ ವಯಸ್ಸಿಗೆ ನಾನು ಬಿದಿರಿನ ಏಣಿ ಹತ್ತಿದ್ದು ನಿಜ. ಅಂಗಡಿ, ಗ್ಯಾರೇಜು, ಹಲ್ಲಿನ ಡಾಕ್ಟರು, ಬಾಡಿಗೆ ಸೈಕಲ್ಲು ಹೀಗೆ ಊರಿನ ಅರ್ಧದಷ್ಟು ಬೋರ್ಡುಗಳು ನನ್ನ ಕೈಯವು. ನನ್ನ ಬೋರ್ಡನ್ನು ದೂರದಿಂದಲೇ ಗುರುತಿಸಬಹುದಿತ್ತು. ಯಾವ ಬೋರ್ಡಾದರೂ ಸರಿ, ಕೊನೆಯಲ್ಲಿ ಒಂದು ತೆಳು ಬೂದು ಬಣ್ಣ ಕಲಸಿ, ಪ್ರತಿ ಅಕ್ಷರದ ಬಗಲಲ್ಲಿ ನೆರಳು ಎಳೆಯುತ್ತಿದ್ದೆ. ಯಾರೂ ಕೇಳಿರುತ್ತಿರಲಿಲ್ಲ. ಬೇಡವೆಂದರೂ ಎಳೆಯುತ್ತಿದ್ದೆ. ‘ಕೊನೆಯ ಕೈ’ ಎಂದು ನಾನೇ ಅದಕ್ಕೊಂದು ಹೆಸರನ್ನೂ ಇಟ್ಟಿದ್ದೆ. ಜನ ನನ್ನನ್ನು ಬೋರ್ಡಣ್ಣ ಎಂದು ಕರೆಯತೊಡಗಿದರು. ಹೆಂಡತಿಗೆ ಮಾತ್ರ ನಾನು ಬರಿಯ ‘ರೀ’.

ಆಮೇಲೆ ಪ್ಲಾಸ್ಟಿಕ್ ಹಾಳೆಯ ಮೇಲೆ ಅಕ್ಷರ ಕತ್ತರಿಸಿ ಉಗುಳುವ ಯಂತ್ರ ಬಂತು. ನನ್ನ ಮೂರು ದಿನದ ಕೆಲಸವನ್ನು ಅದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಮಾಡುತ್ತಿತ್ತು. ಆ ಯಂತ್ರದ ಅಂಗಡಿಯವನ ಜೊತೆ ಜಗಳವಾಡಬೇಕೆಂದೇ ಹೋದವನು, ಅದರ ಪಕ್ಕದಲ್ಲಿದ್ದ ಕಂಪ್ಯೂಟರ್ ನೋಡುತ್ತ ಸಂಜೆವರೆಗೂ ನಿಂತುಬಿಟ್ಟೆ. ಹಳೆಯದೊಂದನ್ನು ಕೊಂಡೆ. ಒಂದು ಪುಸ್ತಕ ಕೊಂಡೆ. ಪುಸ್ತಕ ಅರ್ಥವಾಗಲಿಲ್ಲ, ಇನ್ನೊಂದು ಕೊಂಡೆ. ನಲವತ್ತನ್ನು ದಾಟಿದ ಮೇಲೆ ಪ್ರೋಗ್ರಾಂ ಬರೆಯುವುದನ್ನು ಕಲಿತೆ. ಗುರು ಎಂಬವನು ಇರಲೇ ಇಲ್ಲ.

“ನಾನು ಯಾರ ಹತ್ರಾನೂ ಕಲಿತವನಲ್ಲ,” ಎಂದು ಈಗಲೂ ಎದೆಯುಬ್ಬಿಸಿ ಹೇಳುತ್ತೇನೆ.

“ಅದು ನೋಡಿದ್ರೇ ಗೊತ್ತಾಗತ್ತೆ ಬಿಡಿ,” ಎನ್ನುತ್ತಾಳೆ ಹೆಂಡತಿ.

ನನ್ನ ತಂಗಿ ಪಾರ್ಸೆಲ್ ಆಫೀಸಿನಲ್ಲಿ ವಿಂಗಡಣೆಯವಳು. ಮೂವತ್ತನಾಲ್ಕು ವರ್ಷದಿಂದ ಒಂದೇ ಕೌಂಟರು, ಒಂದೇ ಮರದ ಸ್ಟೂಲು. ಬಂದ ಪಾರ್ಸೆಲ್ಲಿನ ವಿಳಾಸ ನೋಡಿ ಅದು ಯಾವ ದಾರಿಯ ಗಾಡಿಗೆ ಹೋಗಬೇಕೆಂದು ಹೇಳುವುದು ಅವಳ ಕೆಲಸ. ಮೊದಲು ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದಳು. ಏಳು ವರ್ಷದ ಹಿಂದೆ ಆ ಆಫೀಸಿಗೆ ಪ್ರೋಗ್ರಾಂ ಬರೆದುಕೊಟ್ಟವನು ನಾನೇ. ಹದಿನೆಂಟು ದಾರಿಗೆ ಹದಿನೆಂಟು ಬಟನ್. ಹಳೇ ಸೇತುವೆ, ಕಾಲುವೆ ಬೀದಿ, ಗಾಜಿನ ಕಾರ್ಖಾನೆ, ಹೀಗೆ. ಸ್ಕ್ರೀನಿನ ಮೇಲೆ ಬೆರಳಿಟ್ಟರೆ ಚೀಟಿ ಹೊರಬರುತ್ತದೆ, ಪಾರ್ಸೆಲ್ಲಿಗೆ ಅಂಟಿಸಿ ಪಕ್ಕಕ್ಕೆ ತಳ್ಳಿದರೆ ಆಯಿತು.

ಈಚೆಗೆ ಮೂರು ವರ್ಷದಿಂದ ಅವಳ ಕಣ್ಣು ಮಸುಕಾಗುತ್ತ ಬಂದಿತ್ತು. ಕಣ್ಣಿನೊಳಗಿನ ಒತ್ತಡವಂತೆ. ಉಳಿದ ನೋಟವನ್ನು ಕಾಪಾಡಬಹುದು, ಹೋದದ್ದನ್ನು ತರಲಾಗದು ಎಂದಿದ್ದರು ಡಾಕ್ಟರು. ವಿಳಾಸದ ಚೀಟಿಯನ್ನು ಅವಳು ಮೂಗಿಗೆ ತಾಗಿಸಿ ಭೂತಗನ್ನಡಿ ಹಿಡಿದು ಓದಿಕೊಳ್ಳುತ್ತಿದ್ದಳು. ಸ್ಕ್ರೀನನ್ನು ಹಾಗೆ ಮೂಗಿಗೆ ತಾಗಿಸಲಾಗುತ್ತದೆಯೇ? ಯಾವ ಬಟನ್ ಎಲ್ಲಿದೆ ಎಂಬ ನೆನಪಿನ ಮೇಲೇ ಅವಳ ಬೆರಳು ಓಡುತ್ತಿತ್ತು. ಯಾರಿಗೂ ಗೊತ್ತಾಗಿರಲಿಲ್ಲ. ನನಗೂ.

ಆ ಸೋಮವಾರದಿಂದ ಹೊಸ ದಾರಿಗಳು ಸೇರುವುದಿತ್ತು. ಹೆಸರುಗಳೆಲ್ಲ ಅಕಾರಾದಿಯಲ್ಲಿ ನಿಲ್ಲುವುದರಿಂದ ಹೊಸವು ನಡುವೆ ನುಗ್ಗಿದರೆ ಹಳೆಯವು ಜಾಗ ಬಿಡುತ್ತವೆ. ತಂಗಿ ತಾನಾಗಿಯೇ ಹೋಗಿ ಸೂಪರಿಂಟೆಂಡೆಂಟ್ ಮೇಡಂಗೆ ನಿಜ ಹೇಳಿದಳು. ಮೇಡಂ ಕೆಟ್ಟವರೇನಲ್ಲ, ಆದರೆ ಒಂದು ದಾರಿಯ ಪಾರ್ಸೆಲ್ ಇನ್ನೊಂದು ದಾರಿಗೆ ಹೋದರೆ ಉತ್ತರ ಹೇಳಬೇಕಾದವರು ಅವರು.

“ಸೋಮವಾರ ಬೆಳಿಗ್ಗೆ ನಾನೇ ಹತ್ತು ಪಾರ್ಸೆಲ್ ಕೊಡ್ತೀನಿ,” ಎಂದರು. “ಯಾರೂ ಪಕ್ಕದಲ್ಲಿ ಓದಿ ಹೇಳೋ ಹಾಗಿಲ್ಲ. ನೀವೇ ನೋಡಿ ನೀವೇ ಒತ್ತಬೇಕು. ಒಂದು ತಪ್ಪಿದ್ರೂ ಹಿಂದಿನ ಕೋಣೆಗೆ ಹಾಕಬೇಕಾಗತ್ತೆ, ಚೀಲ ಹೊಲಿಯೋಕೆ. ನಿವೃತ್ತಿಗೆ ಇನ್ನೆರಡೇ ವರ್ಷ ಇದೆ ಅಂತ ಗೊತ್ತು. ಏನ್ಮಾಡ್ಲಿ ಹೇಳಿ.”

ಹಿಂದಿನ ಕೋಣೆಗೆ ಕಿಟಕಿಯಿಲ್ಲ. ಚೀಲ ಹೊಲಿಯುವುದಕ್ಕಂತೂ ಇರುವ ಕಣ್ಣೂ ಸಾಲದು. ಅಲ್ಲಿಗೆ ಹೋದವರು ಮೂರು ತಿಂಗಳಲ್ಲಿ ತಾವೇ ಕೆಲಸ ಬಿಡುತ್ತಿದ್ದರು.

ಕಣ್ಣಿನ ಡಾಕ್ಟರ ಬಳಿ ಕಪ್ಪು ಹಲಗೆಯ ಮೇಲೆ ದಪ್ಪ ಹಳದಿ ಅಕ್ಷರ ತೋರಿಸಿದರೆ ಅವಳು ಕೈಯಳತೆ ದೂರದಿಂದ ತಡವರಿಸದೆ ಓದಿದ್ದಳು. ಹಾಗಾದರೆ ಇನ್ನೇನು? ಸ್ಕ್ರೀನನ್ನು ಕಪ್ಪು ಮಾಡಿ, ಅಕ್ಷರವನ್ನು ಹಳದಿ ಮಾಡಿ, ದಪ್ಪಗೆ ಬರೆದರೆ ಆಯಿತು. ಶುಕ್ರವಾರ ಮಧ್ಯಾಹ್ನ ನಾನೇ ಆಫೀಸಿಗೆ ಹೋದೆ. ಮೇಡಂ, ತಂಗಿ, ಇನ್ನು ನಾಲ್ಕು ಜನ ನೌಕರರು ಸುತ್ತ ನಿಂತಿದ್ದರು. ಅಷ್ಟು ಜನರನ್ನು ನೋಡಿದರೆ ನನ್ನ ಬಾಯಿ ಸುಮ್ಮನಿರುವ ಪೈಕಿಯದಲ್ಲ.

“ನೋಡಿ ಮೇಡಂ, ಬಟನ್ ಹೇಗೆ ಕಾಣಬೇಕು ಅನ್ನೋದನ್ನ ನಾನು ಒಂದೇ ಕಡೆ ಬರೆದಿಟ್ಟಿರ್ತೀನಿ. ಅದಕ್ಕೆ ಸ್ಟೈಲ್ ಅಂತಾರೆ. ಅಲ್ಲಿ ಬದಲಾಯಿಸಿದ್ರೆ ಸಾಕು, ಎಲ್ಲಾ ಬಟನ್ನೂ ತಾನಾಗೇ ಬದಲಾಗತ್ತೆ. ನಿಮ್ಮ ಚಹಾ ಆರೋದ್ರೊಳಗೆ ಮುಗಿಸ್ತೀನಿ.”

ಬದಲಾಯಿಸಿದೆ. ಪ್ರೋಗ್ರಾಂ ಶುರುಮಾಡಿದೆ. ಕೆಳಗಿನ ಸಾಲಿನಲ್ಲಿದ್ದ ‘ಮುಂದೆ’, ‘ಹಿಂದೆ’, ‘ಮುದ್ರಿಸು’ ಮೂರೂ ಕಪ್ಪು ಮೈ, ಹಳದಿ ಅಕ್ಷರದಲ್ಲಿ ಝಗ್ಗನೆ ಬೆಳಗಿದವು. ಮೇಲಿನ ಹದಿನೆಂಟು ದಾರಿ ಬಟನ್‌ಗಳು ಮಾತ್ರ ಎಂದಿನ ಬೂದು ಬಣ್ಣದಲ್ಲಿ, ಎಂದಿನ ಸಣ್ಣ ಅಕ್ಷರದಲ್ಲಿ, ನನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಕೂತಿದ್ದವು. ಯಾವುವು ಬೇಕಿತ್ತೋ ಅವೇ.

“ಚಹಾ ಆರಿತು,” ಎಂದರು ಮೇಡಂ.

ನಾನು ಕಂಪ್ಯೂಟರನ್ನು ಆರಿಸಿ ಹೊತ್ತಿಸಿದೆ. ಹಿಂದಿನ ವೈರನ್ನು ಕಿತ್ತು ಮತ್ತೆ ಚುಚ್ಚಿದೆ. ಸ್ಕ್ರೀನನ್ನು ಅಂಗಿಯ ತುದಿಯಲ್ಲಿ ಒರೆಸಿದೆ. ಬಣ್ಣ ಬರದಿರುವುದಕ್ಕೂ ಧೂಳಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಿದ್ದರೆ ಅದಕ್ಕೂ ಒಂದು ಉತ್ತರ ಹೊಸೆಯುತ್ತಿದ್ದೆ. ಕೊನೆಗೆ, “ಈ ಆಫೀಸಿನ ಕಂಪ್ಯೂಟರ್ ತುಂಬಾ ಹಳೇದು ಮೇಡಂ, ಮನೇಲಿ ಸರಿ ಮಾಡ್ಕೊಂಡು ಬರ್ತೀನಿ,” ಎಂದು ಹೊಸ ದಾರಿಗಳ ಪಟ್ಟಿಯನ್ನು ಜೇಬಿಗೆ ತುರುಕಿ ಕಾಲ್ತೆಗೆದೆ. ತಂಗಿ ಬಾಗಿಲವರೆಗೂ ಬಂದಳು.

ಶನಿವಾರ ಬೆಳಿಗ್ಗೆ ಮನೆಯ ಕಂಪ್ಯೂಟರಿನಲ್ಲಿ ನೋಡಿದೆ. ಅಲ್ಲೂ ಅದೇ ಕತೆ. ಆಫೀಸಿನ ಕಂಪ್ಯೂಟರಿಗೆ ಅಂಟಿಸಿದ್ದ ಕಳಂಕವನ್ನು ಮನಸ್ಸಿನಲ್ಲೇ ಒರೆಸಿಹಾಕಿದೆ. ಹೊಸ ದಾರಿಗಳನ್ನು ಸೇರಿಸಿದೆ, ಅವೂ ಹುಟ್ಟುತ್ತಲೇ ಬೂದು ಬಣ್ಣ ಹೊದ್ದುಕೊಂಡು ಬಂದವು.

ಇಲ್ಲಿ ಸ್ವಲ್ಪ ಕಸುಬಿನ ಮಾತು ಹೇಳಬೇಕು. ಕಂಪ್ಯೂಟರಿನಲ್ಲಿ ಮಾಮೂಲಿ ಬಟನ್ ಎಂಬುದೊಂದು ಮೊದಲೇ ಇರುತ್ತದೆ. ನನಗೆ ಬೇಕಿದ್ದುದು ಅದಕ್ಕಿಂತ ಒಂದು ಕೈ ಮೇಲಾದದ್ದು. ಆ ದಾರಿಗೆ ಇವತ್ತು ಎಷ್ಟು ಪಾರ್ಸೆಲ್ ಬಿದ್ದಿದೆ ಎಂದು ಮೂಲೆಯಲ್ಲಿ ತೋರಿಸುವಂಥದು. ಅದಕ್ಕೆಂದು ಮಾಮೂಲಿ ಬಟನ್ನಿನ ಹೊಟ್ಟೆಯಲ್ಲೇ ‘ದಾರಿ ಬಟನ್’ ಎಂಬ ಮಗಳನ್ನು ಹುಟ್ಟಿಸಿದ್ದೆ. ತಾಯಿಗೆ ಬರುವುದೆಲ್ಲ ಮಗಳಿಗೂ ಬರುತ್ತಿತ್ತು. ಒತ್ತಿದರೆ ತಗ್ಗುತ್ತಿದ್ದಳು, ಬಿಟ್ಟರೆ ಏಳುತ್ತಿದ್ದಳು. ತಾಯಿಗೆ ಹೊಸ ಸೀರೆ ಕೊಟ್ಟರೆ ಮಗಳಿಗೂ ತಾನಾಗಿ ಸಿಗುತ್ತದೆ ಎಂದು ನಾನು ನಂಬಿದ್ದೆ. ಏಳು ವರ್ಷ ಆ ನಂಬಿಕೆಯನ್ನು ಪರೀಕ್ಷಿಸುವ ಸಂದರ್ಭವೇ ಬಂದಿರಲಿಲ್ಲ. ಬೋರ್ಡು ಬರೆದು ಏಣಿ ಇಳಿದವನು ಮತ್ತೆ ಹತ್ತಿ ನೋಡುತ್ತಾನೆಯೇ?

ಶನಿವಾರ ಪೂರ್ತಿ ಹಳದಿಯನ್ನೇ ತಿದ್ದಿದೆ. ನಿಂಬೆ ಹಳದಿ ಮಾಡಿದೆ, ಅರಿಶಿನ ಹಳದಿ ಮಾಡಿದೆ. ‘ಮುಂದೆ’, ‘ಹಿಂದೆ’ಗಳು ಪಾಪ, ನಾನು ಹೇಳಿದ ಬಣ್ಣವನ್ನೆಲ್ಲ ಉಟ್ಟು ತೋರಿಸಿದವು. ಮಗಳು ಜಪ್ಪಯ್ಯ ಎನ್ನಲಿಲ್ಲ.

“ಯಾರನ್ನಾದ್ರೂ ಕೇಳಬಾರ್ದೇನ್ರೀ?” ಎಂದಳು ಹೆಂಡತಿ.

“ಯಾರನ್ನ ಕೇಳ್ಲಿ? ನನಗೆ ಗೊತ್ತಿಲ್ಲದ್ದು ಇನ್ಯಾರಿಗೆ ಗೊತ್ತಿರತ್ತೆ?”

“ಹಾಗಂತ ಆ ಬಟನ್ನಿಗೂ ಗೊತ್ತಾಗಿರ್ಬೇಕು. ಅದಕ್ಕೇ ಧೈರ್ಯವಾಗಿ ಕೂತಿದೆ.”

ಭಾನುವಾರ ಮಧ್ಯಾಹ್ನ ತಂಗಿ ಬಂದಳು. ಪಕ್ಕದ ಬೀದಿಯಲ್ಲೇ ಅವಳ ಮನೆ. ಚಪ್ಪಲಿ ಬಿಡುತ್ತಲೇ, “ಏನಣ್ಣ, ಆಯ್ತಾ?” ಎಂದಳು.

“ಆಗ್ತಾ ಇದೆ.”

“ಅಂದ್ರೆ ಆಗಿಲ್ಲ,” ಎಂದಳು ಹೆಂಡತಿ ಅಡುಗೆಮನೆಯಿಂದ.

ತಂಗಿ ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಕುಳಿತಳು. “ಎಲ್ಲಿ ಸಿಕ್ಕಿಕೊಂಡಿದೆ ಹೇಳು.”

“ನಿನಗೆ ಅರ್ಥ ಆಗಲ್ಲ.”

“ನಾಳೆ ಹೋಗೋದು ನನ್ನ ಸ್ಟೂಲು ಅಣ್ಣ. ಅರ್ಥ ಆಗದಿದ್ರೂ ಕೇಳಿಸ್ಕೋತೀನಿ, ಹೇಳು.”

ಹೇಳಿದೆ. ಹೇಳುವಾಗಲೂ ದೊಡ್ಡಸ್ತಿಕೆ ಬಿಡಲಿಲ್ಲ. ತಾಯಿ, ಮಗಳು, ಸೀರೆ, ವಂಶ ಎಂದೆಲ್ಲ ಹರಿಕತೆ ಮಾಡಿದೆ. ಅವಳು ಪೂರ್ತಿ ಕೇಳಿ, “ಆ ಸ್ಟೈಲನ್ನ ಯಾರ ಹೆಸರಲ್ಲಿ ಇಟ್ಟಿದೀಯ?” ಎಂದಳು.

“ಮಾಮೂಲಿ ಬಟನ್ ಹೆಸರಲ್ಲಿ.”

“ಈ ಹಟಮಾರಿ ಹೆಸರೇನು?”

“ದಾರಿ ಬಟನ್.”

“ಮತ್ತೆ ಅದಕ್ಕೆ ಹೇಗೆ ಸಿಗತ್ತೆ?”

“ಮಗಳಲ್ವೇನೇ!”

“ಮಗಳಾದ್ರೇನು? ನಮ್ಮ ಕೌಂಟರಿಗೆ ದಿನಾ ಬರ್ತಾರೆ, ‘ನಮ್ಮಮ್ಮನ ಪಾರ್ಸೆಲ್ ಬಂದಿದೆ, ಕೊಡಿ’ ಅಂತ. ಮೂಗು ಬಾಯಿ ಎಲ್ಲಾ ಅಮ್ಮನ ಥರಾನೇ ಇರತ್ತೆ. ಆದ್ರೂ ಕೊಡಲ್ಲ. ಚೀಟಿ ಮೇಲೆ ಯಾರ ಹೆಸರಿದೆಯೋ ಅವರಿಗೇ ಕೊಡೋದು. ಅಮ್ಮ ಕಾಗದದಲ್ಲಿ ‘ಇವಳು ನನ್ನ ಮಗಳು, ನನ್ನದನ್ನ ಇವಳಿಗೆ ಕೊಡಿ’ ಅಂತ ಬರೆದುಕೊಟ್ರೆ ಮಾತ್ರ ಕೊಡ್ತೀವಿ. ನೀನು ಹಂಗೆ ಬರೆದುಕೊಟ್ಟಿದೀಯಾ?”

ಬರೆದುಕೊಟ್ಟಿರಲಿಲ್ಲ. ಪುಸ್ತಕ ತೆರೆದು ನೋಡಿದರೆ, ಹದಿನೈದು ವರ್ಷದಿಂದ ನಾನು ಬೇಸರವೆಂದು ಹಾರಿಸುತ್ತ ಬಂದಿದ್ದ ಅಧ್ಯಾಯದಲ್ಲಿ ಅದೇ ಮಾತಿತ್ತು. ಬಟನ್ ತನ್ನ ಸ್ಟೈಲನ್ನು ಹುಡುಕುವಾಗ ತನ್ನ ಸ್ವಂತ ಹೆಸರನ್ನೇ ಹುಡುಕುತ್ತದೆ. ಅಮ್ಮನ ಹೆಸರಿನಲ್ಲಿಟ್ಟದ್ದು ಮಗಳ ಕಣ್ಣಿಗೆ ಬೀಳುವುದಿಲ್ಲ. ಮಗಳ ಹೆಸರಿನಲ್ಲಿ ಒಂದು ಸ್ಟೈಲ್ ತೆರೆದು, ‘ಇದಕ್ಕೆ ಆಧಾರ ಅಮ್ಮನ ಸ್ಟೈಲ್’ ಎಂದು ಒಂದು ಸಾಲು ಬರೆಯಬೇಕು. ಅಷ್ಟೇ.

ಆ ಸಾಲು ಬರೆದೆ. “ಇದು ನನಗೂ ಹೊಳೀತಾ ಇತ್ತು,” ಎಂದೆ.

“ಎರಡು ದಿನದಿಂದ ಹೊಳೀತಾ ಇತ್ತು,” ಎಂದಳು ಹೆಂಡತಿ, ಚಹಾ ತಂದಿಡುತ್ತ.

ಶುರುಮಾಡಿದೆ. ದಾರಿ ಬಟನ್‌ಗಳ ಸುತ್ತ ದಪ್ಪ ಹಳದಿ ಅಂಚು ಬಂತು! ಕುರ್ಚಿಯಿಂದ ಎದ್ದೇಬಿಟ್ಟೆ. ಎದ್ದವನು ಹಾಗೇ ನಿಂತೆ. ಅಂಚು ಬಂದಿತ್ತು, ಆದರೆ ಒಳಗೆ ಅದೇ ಬೂದು ಮೈ, ಅದೇ ಇರುವೆಗಾತ್ರದ ಅಕ್ಷರ. ಮದುವೆ ಸೀರೆಯ ಅಂಚನ್ನು ಹಳೇ ಒರೆಸುವ ಬಟ್ಟೆಗೆ ಹೊಲಿದ ಹಾಗಿತ್ತು.

“ಕಾಣಿಸ್ತಾ?” ಎಂದೆ ತಂಗಿಗೆ.

“ಕಿಟಕಿ ಚೌಕಟ್ಟು ಕಾಣತ್ತೆ. ಕಿಟಕೀಲಿ ಯಾರಿದಾರೆ ಅಂತ ಕಾಣಲ್ಲ.”

ಅರ್ಧ ಬಂದು ಅರ್ಧ ಬರದಿರುವುದು ಹೇಗೆ? ಬಂದರೆ ಪೂರ್ತಿ ಬರಬೇಕು. ನಾನು ಆ ಪುಸ್ತಕ ಬರೆದವನನ್ನು ಬೈಯತೊಡಗಿದೆ. ಹೆಂಡತಿ ಸೆರಗಿಗೆ ಕೈ ಒರೆಸುತ್ತ ಬಂದು, ಬಗ್ಗಿ ಸ್ಕ್ರೀನನ್ನು ನೋಡಿದಳು.

“ಈ ಅಂಚು ಮೊದಲು ಹೇಗಿತ್ತು?”

“ಅಂಚಿಗೆ ನಾನು ಏನೂ ಮಾಡಿರ್ಲಿಲ್ಲ.”

“ಒಳಗಿನ ಬಣ್ಣಕ್ಕೆ?”

“ಅದು ನನ್ನ ಬೂದು ಬಣ್ಣ. ನಾನೇ ಕೂತು ಕಲಸಿದ್ದು.”

“ಹಾಗಾದ್ರೆ ನೀವು ಕೈ ಹಾಕದೆ ಇರೋದು ಮಾತ್ರ ಸರಿಹೋಗಿದೆ ನೋಡಿ,” ಎಂದು ಹೇಳಿ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಅವಳು ಚುಚ್ಚುವುದಕ್ಕೆಂದೇ ಹೇಳಿದ್ದು. ಆದರೆ ನಾನು ಮತ್ತೆ ಕುರ್ಚಿಗೆ ಕೂತೆ. ದಾರಿ ಬಟನ್ ಹುಟ್ಟುವ ಜಾಗವನ್ನು, ಅಂದರೆ ಕೋಡಿನಲ್ಲಿ ಅದರ ಮೊಟ್ಟಮೊದಲ ಸಾಲುಗಳನ್ನು, ತೆರೆದು ನೋಡಿದೆ. ಎರಡು ದಿನದಲ್ಲಿ ಊರೆಲ್ಲ ಹುಡುಕಿದ್ದ ನಾನು ಅಲ್ಲಿಗೆ ಮಾತ್ರ ಹೋಗಿರಲಿಲ್ಲ. ಅಲ್ಲಿ ಮೂರು ಸಾಲುಗಳಿದ್ದವು. ಮೈ ಬೂದು. ಅಕ್ಷರ ಕಡು ಬೂದು. ಅಕ್ಷರದ ಗಾತ್ರ ಸಣ್ಣ. ಅವುಗಳ ಮೇಲೆ ದೊಡ್ಡದಾಗಿ ಒಂದು ಎಚ್ಚರಿಕೆ: ‘ಇದನ್ನು ಯಾರೂ ಮುಟ್ಟಕೂಡದು’. ಯಾವ ಮಹಾನುಭಾವ ಹೀಗೆ ಬರೆದಿಟ್ಟವನು ಎಂದು ಕೆಳಗೆ ನೋಡಿದರೆ ನನ್ನದೇ ಸಹಿ.

ಕೊನೆಯ ಕೈ. ಏಳು ವರ್ಷದ ಹಿಂದೆ, ಯಾರೂ ಕೇಳದಿದ್ದರೂ, ಒಂದೊಂದು ಬಟನ್ನಿಗೂ ಹುಟ್ಟುವಾಗಲೇ ನನ್ನ ಬಣ್ಣ ಬಳಿದು ಕಳಿಸಿದ್ದೆ. ಪುಸ್ತಕದ ಅದೇ ಅಧ್ಯಾಯದ ಮುಂದಿನ ಪುಟದಲ್ಲಿ ಅದಕ್ಕೂ ಉತ್ತರವಿತ್ತು. ಮೈಮೇಲೆ ನೇರವಾಗಿ ಬಳಿದ ಬಣ್ಣವಿದ್ದರೆ, ಸ್ಟೈಲ್ ಎಷ್ಟೇ ಕೂಗಿಕೊಂಡರೂ ಅದರ ಮಾತು ನಡೆಯುವುದಿಲ್ಲ. ಬಳಿಯದೆ ಬಿಟ್ಟಲ್ಲಿ ಮಾತ್ರ ಅದರ ಕೈ ಸಾಗುತ್ತದೆ.

ಅಳಿಸಬೇಕು. ಬೆರಳು ಕೀಲಿಯ ಮೇಲಿತ್ತು, ಒತ್ತಲು ಮನಸ್ಸಾಗಲಿಲ್ಲ. ನಗಬೇಡಿ. ಊರಿನಲ್ಲಿ ನಾನು ಬರೆದ ಬೋರ್ಡುಗಳಲ್ಲಿ ಒಂದೂ ಉಳಿದಿಲ್ಲ. ಆ ಬೂದು ಬಣ್ಣ ಉಳಿದಿದ್ದುದು ಈ ದಾರಿ ಬಟನ್‌ಗಳಲ್ಲಿ ಮಾತ್ರ.

“ತುಂಬಾ ಅಂದವಾಗಿತ್ತು ಕಣೇ,” ಎಂದೆ.

“ಇರಬಹುದು ಅಣ್ಣ. ಮೂರು ವರ್ಷದಿಂದ ನನಗದು ಬರೀ ಗೋಡೆ ಥರ ಕಾಣತ್ತೆ,” ಎಂದಳು ತಂಗಿ. “ನೀನು ಬೇಜಾರು ಮಾಡ್ಕೋತೀಯ ಅಂತ ಹೇಳಿರ್ಲಿಲ್ಲ.”

ಅಳಿಸಿದೆ. ಎಚ್ಚರಿಕೆಯನ್ನೂ ಸಹಿಯನ್ನೂ ಸೇರಿಸಿ ಅಳಿಸಿದೆ. ಪ್ರೋಗ್ರಾಂ ಶುರುವಾಯಿತು. ಕಪ್ಪು ಮೈಯ ಮೇಲೆ ಹೆಬ್ಬೆರಳು ಗಾತ್ರದ ಹಳದಿ ಅಕ್ಷರಗಳು ಸಾಲುಸಾಲಾಗಿ ಎದ್ದು ಬಂದವು. ನೋಡಲು ಒಂಚೂರೂ ಚೆನ್ನಾಗಿರಲಿಲ್ಲ. ಟ್ಯಾಕ್ಸಿ ನಿಲ್ದಾಣದ ಹಾಗಿತ್ತು. ತಂಗಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಮೊದಲಿನಿಂದ ಓದತೊಡಗಿದಳು. “ಕಾಲುವೆ ಬೀದಿ. ಕುದುರೆ ಲಾಯ. ಗಾಜಿನ ಕಾರ್ಖಾನೆ...” ಕೊನೆಯವರೆಗೆ ಓದಿ, ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಕನ್ನಡಕ ಆಗಲೇ ಸ್ವಚ್ಛವಾಗಿತ್ತು.

ಸೋಮವಾರ ಬೆಳಿಗ್ಗೆ ಎಂಟಕ್ಕೇ ಹೋಗಿ ಆಫೀಸಿನ ಕಂಪ್ಯೂಟರಿಗೆ ಹಾಕಿಕೊಟ್ಟೆ. ಈ ಸಲ ಬಾಯಿ ಬಿಡಲಿಲ್ಲ. ಮೇಡಂ ಸ್ಕ್ರೀನ್ ನೋಡಿ, “ಕಣ್ಣು ಚುಚ್ಚತ್ತಲ್ರೀ ಬೋರ್ಡಣ್ಣ,” ಎಂದರು. “ಚುಚ್ಚಲಿ ಅಂತಾನೇ ಮೇಡಂ,” ಎಂದೆ. ಅವರು ಹತ್ತು ಪಾರ್ಸೆಲ್ ತಂದು ಕೌಂಟರಿನ ಮೇಲಿಟ್ಟು, ಕೈಕಟ್ಟಿ ನಿಂತರು. ನನಗೆ ಗೋಡೆಯ ಬಳಿ ಹೋಗಿ ನಿಲ್ಲಲು ಹೇಳಿದರು, ಕೆಮ್ಮಬಾರದೆಂದೂ ಹೇಳಿದರು.

ತಂಗಿ ಮೊದಲನೆಯದನ್ನು ಮೂಗಿಗೆ ಹಿಡಿದಳು, ಓದಿದಳು, ತಲೆಯೆತ್ತಿದಳು, ಒತ್ತಿದಳು. ಚೀಟಿ ಬಂತು. ಮೇಡಂ ನೋಡಿ ತಲೆಯಾಡಿಸಿದರು. ಎರಡು, ಮೂರು, ನಾಲ್ಕು. ಜಾಗ ಬದಲಿಸಿದ ದಾರಿಯದು ಬಂದಾಗಲೂ ಅವಳ ಬೆರಳು ಹಳೆಯ ಜಾಗಕ್ಕೆ ಹೋಗದೆ ಸರಿಯಾದ ಕಡೆಗೇ ಹೋಯಿತು. ಒಂಬತ್ತು ಮುಗಿಯಿತು. ನಾನು ಉಸಿರು ಬಿಟ್ಟೆ.

ಹತ್ತನೆಯದು ಇಟ್ಟಿಗೆ ಗೂಡಿನ ಕಡೆಗೆ ಹೋಗುವಂಥದು. ತಂಗಿ ಓದಿಕೊಂಡು ತಲೆಯೆತ್ತಿದಳು. ಬೆರಳು ಗಾಳಿಯಲ್ಲೇ ನಿಂತಿತು. ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ನಿಧಾನವಾಗಿ ಬಂತು. ಮತ್ತೆ ಮೇಲಕ್ಕೆ ಹೋಯಿತು. ಮತ್ತೆ ಕೆಳಗೆ. ಬಿಟ್ಟ ಉಸಿರನ್ನು ವಾಪಸು ಎಳೆದುಕೊಂಡೆ. ಅಕ್ಷರ ಇನ್ನಷ್ಟು ದಪ್ಪ ಮಾಡಬೇಕಿತ್ತೇ? ಹಳದಿ ಕಡಿಮೆಯಾಯಿತೇ? ಪಕ್ಕದ ನೌಕರನೊಬ್ಬ, “ಅಕ್ಕ, ಸುಮ್ನೆ ಒಂದು ಒತ್ತಿಬಿಡಿ,” ಎಂದು ಗೊಣಗಿದ. ಮೇಡಂ ಅವನನ್ನು ಒಂದು ಸಲ ನೋಡಿದರು, ಅವನು ಗೊಣಗುವುದನ್ನು ಬಿಟ್ಟ.

ತಂಗಿ ಕೈಯನ್ನು ಮಡಿಲಿಗೆ ಇಳಿಸಿದಳು. “ಮೇಡಂ, ಇಟ್ಟಿಗೆ ಗೂಡಿಗೆ ಬಟನ್ನೇ ಇಲ್ಲ.”

“ಇರಬೇಕಲ್ಲ?”

“ಇಲ್ಲ ಮೇಡಂ. ಎರಡು ಸಲ ಓದಿದೆ. ಇಪ್ಪತ್ತೊಂದು ಇದಾವೆ. ಇಟ್ಟಿಗೆ ಗೂಡು ಅದರಲ್ಲಿಲ್ಲ.”

ಮೇಡಂ ಬಗ್ಗಿ ಎಣಿಸಿದರು. ನಂತರ ನನ್ನ ಕಡೆ ತಿರುಗಿ, “ಬೋರ್ಡಣ್ಣ, ಹೊಸ ದಾರಿ ನಾಲ್ಕು ಕೊಟ್ಟಿದ್ದೆ. ಮೂರೇ ಇದಾವಲ್ಲ?” ಎಂದರು. ನಾನು ಜೇಬಿನಿಂದ ಪಟ್ಟಿ ತೆಗೆದೆ. ಮುಂಬದಿಯಲ್ಲಿ ಮೂರು ಹೆಸರು. ಹಿಂದೆ ತಿರುಗಿಸಿದರೆ ಒಂದೇ ಒಂದು ಸಾಲು, ಇಟ್ಟಿಗೆ ಗೂಡು. ನನಗೆ ಹಾಳೆಯ ಹಿಂಬದಿ ನೋಡುವ ಅಭ್ಯಾಸವಿಲ್ಲ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಎನಿಸಿತು, ಅದು ಬಿಡಲಿಲ್ಲ.

ಮೇಡಂ ಮಾತ್ರ ನಗುತ್ತಿದ್ದರು. “ಇಲ್ಲದ್ದನ್ನ ಇಲ್ಲ ಅಂತ ಹೇಳಬೇಕಾದ್ರೆ ಇರೋದನ್ನೆಲ್ಲ ಓದಿರಲೇಬೇಕು. ಇವರು ಓದಿದಾರೆ.” ಗೊಣಗಿದ ನೌಕರನ ಕಡೆ ನೋಡಿ, “ನೀನಾಗಿದ್ರೆ ಇಷ್ಟೊತ್ತಿಗೆ ಆ ಪಾರ್ಸೆಲ್ ಕುದುರೆ ಲಾಯದಲ್ಲಿರ್ತಿತ್ತು,” ಎಂದರು. ಆಮೇಲೆ ತಂಗಿಗೆ, “ನೀವು ಇಲ್ಲೇ ಇರಿ,” ಎಂದಷ್ಟೇ ಹೇಳಿ ತಮ್ಮ ಕೋಣೆಗೆ ಹೋದರು.

ಐವತ್ತು ವರ್ಷ ದುಡಿದ ನಾನು, ಸರಿಯಾಗಿ ಮಾಡಿದ ಕೆಲಸದಿಂದ ತಂಗಿಗೆ ಎಷ್ಟು ಉಪಕಾರ ಮಾಡಿದೆನೋ ತಪ್ಪಾಗಿ ಮಾಡಿದ್ದರಿಂದಲೂ ಅಷ್ಟೇ ಮಾಡಿದೆ. ಇದನ್ನು ಮನೆಯಲ್ಲಿ ಹೇಗೆ ಹೇಳುವುದೆಂದು ಯೋಚಿಸುತ್ತಲೇ ಕಂಪ್ಯೂಟರಿನ ಮುಂದೆ ಕುಳಿತು ಇಟ್ಟಿಗೆ ಗೂಡನ್ನು ಸೇರಿಸಿದೆ. ಬರಿಯ ಹೆಸರು ಬರೆದೆ, ಬೇರೇನೂ ಮಾಡಲಿಲ್ಲ. ಬಟನ್ ಕಪ್ಪು ಮೈ, ಹಳದಿ ಅಕ್ಷರ ಹೊತ್ತುಕೊಂಡೇ ಬಂತು. ತಂಗಿ ಅದನ್ನು ಒತ್ತಿದಳು, ಚೀಟಿಯನ್ನು ಹತ್ತನೆಯ ಪಾರ್ಸೆಲ್ಲಿಗೆ ಅಂಟಿಸಿ ಪಕ್ಕಕ್ಕೆ ತಳ್ಳಿದಳು. ಕೌಂಟರಿನ ಆಚೆ ಆಗಲೇ ಏಳೆಂಟು ಜನ ಪೊಟ್ಟಣ ಹಿಡಿದು ಸಾಲು ನಿಂತಿದ್ದರು. ಇನ್ನೇನಾದರೂ ಒಳ್ಳೆಯ ಮಾತು ಕೇಳಿಬರಬಹುದೆಂದು ನಾನು ಅವಳ ಹಿಂದೆಯೇ ನಿಂತಿದ್ದೆ.

“ಅಣ್ಣ,” ಎಂದಳು ಅವಳು, ತಿರುಗಿ ನೋಡದೆ, “ಬೆಳಕಿಗೆ ಅಡ್ಡ ನಿಂತಿದೀಯ. ಸ್ವಲ್ಪ ಆ ಕಡೆ ಸರಿ.”